ಮರೆವಿನ ಕಾಯಿಲೆಯ ಆರೈಕೆಯಲ್ಲಿ ವರ್ಚುವಲ್ ರಿಯಾಲಿಟಿ

ಡಿಮೆನ್ಷಿಯಾ ಇರುವ ವೃದ್ಧರಿಗೆ ಕಣ್ಣಿಗೆ ತೊಡಿಸುವ ಸಾಧನದಿಂದಲೋ ದೊಡ್ಡ ಪರದೆಯಿಂದಲೋ ಬೇರೊಂದು ಜಾಗದಲ್ಲಿರುವ ಅನುಭವ ಕೊಡುವ ವಿಧಾನವಿದು. 1968ರಲ್ಲಿ ಐವಾನ್ ಸದರ್ಲೆಂಡ್ ತಲೆಗೆ ತೊಡಿಸಿದ ಪರದೆ, 2012ರ ಆಕ್ಯುಲಸ್, 2014ರ ಗೂಗಲ್ ಕಾರ್ಡ್‌ಬೋರ್ಡ್ ಎಂದು ಇದರ ಚರಿತ್ರೆಯನ್ನು ಯಂತ್ರಗಳ ಚರಿತ್ರೆಯಾಗಿಯೇ ಹೇಳುವುದು ವಾಡಿಕೆ. ಆರೈಕೆಯ ಬೇರು ಇರುವುದು ಬೇರೆಡೆ. ಮುದುಕರು ಹಳೆಯದನ್ನು ಮೆಲುಕು ಹಾಕುವುದು ಅರಳುಮರಳಲ್ಲ, ಬಾಳನ್ನು ತಿರುಗಿ ನೋಡುವ ಸಹಜ ಕ್ರಿಯೆ ಎಂದು ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿ ವಾದಿಸಿದರು. ಹಳೆಯ ಫೋಟೊ, ಹಾಡು, ಪಾತ್ರೆಪಗಡಿಗಳಿಂದ ನೆನಪು ಕೆದಕುವ ಚಿಕಿತ್ಸೆ ಬೆಳೆದದ್ದು ಆ ವಿಚಾರದ ನೆಲದಲ್ಲಿ; ವರ್ಚುವಲ್ ರಿಯಾಲಿಟಿ (ವಿಆರ್) ಅದರ ಮುಂದುವರಿಕೆ. ಹಾಗಾಗಿ ಸಾಧನ ಎಷ್ಟು ಹೊಸದು ಎನ್ನುವುದಕ್ಕಿಂತ ತೋರಿಸುವ ಜಾಗ ಯಾರದು ಎಂಬ ಪ್ರಶ್ನೆಯೇ ದೊಡ್ಡದು.

ದಾಖಲೆ ಗೋಜಲಾಗುವುದೂ ಇಲ್ಲಿಯೇ. ಆಸ್ಟ್ರೇಲಿಯದ ವಿಕ್ಟೋರಿಯದಲ್ಲಿ, ಕೈಯಾಡಿಸಿದರೆ ಸ್ಪಂದಿಸುವ ಕಾಡೊಂದನ್ನು ಪರದೆಯ ಮೇಲೆ ರೂಪಿಸಲಾಯಿತು. ಸಂಶೋಧಕಿ ವೆಂಡಿ ಮಾಯ್ಲ್ ಮತ್ತು ಸಂಗಡಿಗರು ಆರೈಕೆ ಕೇಂದ್ರಗಳಲ್ಲಿದ್ದ ಡಿಮೆನ್ಷಿಯಾದ 10 ನಿವಾಸಿಗಳು, 10 ಬಂಧುಗಳು, 9 ಸಿಬ್ಬಂದಿಯೊಡನೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಿವಾಸಿಗಳ ಸಂತೋಷವೂ ಎಚ್ಚರವೂ ಹೆಚ್ಚಿದ್ದು ಕಂಡಿತು. ಜೊತೆಗೆ, ಹೋಲಿಕೆಗೆ ಬಳಸಿದ ಗುಂಪಿಗಿಂತ ಭಯ, ಆತಂಕವೂ ಹೆಚ್ಚಿದ್ದವು. ಪ್ರಚಾರದ ಬರಹಗಳು ಮೊದಲರ್ಧವನ್ನಷ್ಟೇ ಎತ್ತಿಕೊಳ್ಳುತ್ತವೆ. ಈ ಚರಿತ್ರೆಯ ತಿರುವು ಇರುವುದು ಎರಡನೆಯ ಅರ್ಧದಲ್ಲಿ. ಇದಕ್ಕೆ ಮೊದಲೇ, 2015ರಲ್ಲಿ, ಫ್ರಾನ್ಸಿನ ನೀಸ್ ನಗರದ ಸಂಶೋಧಕರು 18 ಮಂದಿ ಆರೋಗ್ಯವಂತ ವೃದ್ಧರಿಗೆ ಅವರದೇ ಊರಿನ ಪರಿಚಿತ ತಾಣವನ್ನೂ ಅಪರಿಚಿತ ತಾಣವನ್ನೂ ತೋರಿಸಿದ್ದರು. ಸ್ಪಷ್ಟ ನೆನಪುಗಳು ಹೆಚ್ಚು ಬಂದದ್ದು ಪರಿಚಿತ ತಾಣದಿಂದ. ಎರಡೂ ಪುಟ್ಟ ಅಧ್ಯಯನಗಳು, ನೀಸ್ ನಗರದ್ದರಲ್ಲಿ ರೋಗಿಗಳೇ ಇಲ್ಲ. ಆದರೂ ಗುರುತಿನ ಜಾಗಕ್ಕೆ ಬೆಲೆಯಿದೆ, ಗುರುತಿಲ್ಲದ ಕಾಡು ಕೆಲವರನ್ನು ಬೆದರಿಸಬಹುದು ಎಂದು ತಿಳಿಯುವುದಕ್ಕೆ ಇವು ಆಧಾರ ಕೊಡುತ್ತವೆ.

ನವಿ ಮುಂಬಯಿಯ ವಾಶಿಯಂಥ ಹೊಸ ಊರಿನಲ್ಲಿ ಈ ಮಾತಿಗೆ ಹೆಚ್ಚಿನ ತೂಕ. ನವಿ ಮುಂಬಯಿ ಕಟ್ಟಲು ಸಿಡ್ಕೊ ಎಂಬ ಸರ್ಕಾರಿ ಸಂಸ್ಥೆ ಹುಟ್ಟಿದ್ದು 1970ರಲ್ಲಿ. ಮಾನ್‌ಖುರ್ದಿನಿಂದ ವಾಶಿಗೆ ರೈಲು ಬಂದದ್ದು 1992ರಲ್ಲಿ. 1940ರಲ್ಲಿ ಹುಟ್ಟಿ ಉಡುಪಿಯ ಕಡೆಯಿಂದ ಮುಂಬಯಿಗೆ ಹೋಟೆಲ್ ಕೆಲಸಕ್ಕೆ ಬಂದವರಿಗೆ ಸಿಡ್ಕೊ ಹುಟ್ಟುವಾಗಲೇ 30. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲು ಅಳಿಯುವುದು ಇತ್ತೀಚಿನದು, ಹೆಚ್ಚು ಕಾಲ ಉಳಿಯುವುದು ಎಳೆತನ, ಯೌವನ. ಅಂದರೆ ಅವರಲ್ಲಿ ಉಳಿದ ನೆನಪಿಗಿಂತ ವಾಶಿಯೇ ಕಿರಿಯ ಊರು. ಅವರು 'ಮನೆಗೆ ಹೋಗಬೇಕು' ಎಂದರೆ ಅದು ವಾಶಿಯ ಸೆಕ್ಟರಿನ ಫ್ಲಾಟಾಗಿರಬೇಕಿಲ್ಲ. ಮುಂಬಯಿಯ ಲಾಲ್‌ಬಾಗಿನ ಚಾಳು, ಕನ್ನಡ ರಾತ್ರಿಶಾಲೆಯ ಬೆಂಚು ಅಥವಾ ಊರಿನ ಅಂಗಳ ಇರಬಹುದು. ಇಂದಿನ ಲಾಲ್‌ಬಾಗನ್ನು ಚಿತ್ರೀಕರಿಸಿದರೆ ಗಿರಣಿಗಳ ಜಾಗದಲ್ಲಿ ಗೋಪುರಗಳು ಕಾಣುತ್ತವೆ. ಬೇಕಾದದ್ದು ಹಳೆಯ ಫೋಟೊಗಳಿಂದ ಮರುಕಟ್ಟಿದ ದೃಶ್ಯ.

ಫೋಟೊ, ಹಾಡುಗಳೇ ಸಾಲವೇ ಎಂಬ ಆಕ್ಷೇಪ ನ್ಯಾಯವಾದದ್ದು. 22 ಅಧ್ಯಯನಗಳ, 1972 ಜನರ ಮಾಹಿತಿ ಪರಿಶೀಲಿಸಿದ 2018ರ ಕಾಕ್ರೇನ್ ವಿಮರ್ಶೆಯಲ್ಲಿ ನೆನಪಿನ ಚಿಕಿತ್ಸೆಯ ಫಲವೇ ಅಲ್ಪ, ಒಂದೊಂದು ಕಡೆ ಒಂದೊಂದು ಬಗೆ. ದುಬಾರಿ ಸಾಧನ ಆ ಫಲವನ್ನು ತಾನಾಗಿ ಹೆಚ್ಚಿಸದು. ಇದು ವಂಚನೆಯಲ್ಲವೇ ಎಂಬುದು ಇನ್ನೊಂದು ಆಕ್ಷೇಪ: ಅಂಗಳ ಕಂಡವರು ಅದು ಮಾಯವಾದಾಗ ಅಳಬಹುದು. ಪಕ್ಕದಲ್ಲಿ ಕನ್ನಡವೋ ತುಳುವೋ ಬಲ್ಲವರು ಕೂತು, ನೋಡುತ್ತಿರುವುದು ಚಿತ್ರವೆಂದು ಹೇಳುತ್ತ, ಮುಖದಲ್ಲಿ ಹೆದರಿಕೆ ಕಂಡೊಡನೆ ನಿಲ್ಲಿಸಿದರೆ ಈ ಆಕ್ಷೇಪದ ಬಿಸಿ ತಗ್ಗುತ್ತದೆ, ಪೂರ್ತಿ ಆರುವುದಿಲ್ಲ. ಅಂಥ ಜೊತೆಗಾರರಿಲ್ಲದ ಕಡೆ ಕನ್ನಡಕ ತೊಡಿಸದಿರುವುದೇ ಲೇಸು.