ಅಂಚಿನಲ್ಲಿ ಉಳಿದ ಭಾಷೆ: ಪೆಂಬ್ರೋಕ್‌ಶೈರ್‌ನ ದ್ವಿಭಾಷಾ ಕಲ್ಲುಗಳು

ವೇಲ್ಸ್‌ನ ನೈಋತ್ಯ ಮೂಲೆಯ ಪೆಂಬ್ರೋಕ್‌ಶೈರ್‌ನಲ್ಲಿ ನೆವರ್ನ್ ಅಂತ ಒಂದು ಸಣ್ಣ ಹಳ್ಳಿ. ಅಲ್ಲಿನ ಸಂತ ಬ್ರೈನಾಕ್ ಚರ್ಚಿನೊಳಗೆ ಹೋಗಿ ಶಾಸನ ಎಲ್ಲಿದೆ ಅಂತ ಗೋಡೆಗಳನ್ನೆಲ್ಲ ಹುಡುಕಿದೆ. ಕೊನೆಗೆ ನೋಡಿದರೆ ಅದು ನಾನು ಕೈ ಊರಿ ನಿಂತಿದ್ದ ಜಾಗದಲ್ಲೇ ಇತ್ತು. ಒಂದೂವರೆ ಸಾವಿರ ವರ್ಷ ಹಳೆಯ ಸ್ಮಾರಕಶಿಲೆಯನ್ನು ಕಿಟಕಿಯ ಅಡಿಗಲ್ಲಾಗಿ ಮಲಗಿಸಿದ್ದಾರೆ.

ಈ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ದಕ್ಷಿಣಕ್ಕೆ ಪ್ರೆಸೆಲಿ ಬೆಟ್ಟಸಾಲು. ಸ್ಟೋನ್‌ಹೆಂಜ್‌ನ ನೀಲಿಗಲ್ಲುಗಳು ಸುಮಾರು 225 ಕಿ.ಮೀ. ದೂರ ಸಾಗಿದ್ದು ಇಲ್ಲಿಂದಲೇ. ಹತ್ತಿರದ ಪೆಂಟ್ರೆ ಇವಾನ್‌ನಲ್ಲಿ ನವಶಿಲಾಯುಗದ ಸಮಾಧಿಯ ಭಾರೀ ಚಪ್ಪಡಿ ಇನ್ನೂ ನೆಟ್ಟಗಲ್ಲುಗಳ ಚೂಪು ತುದಿಗಳ ಮೇಲೆ ಕೂತಿದೆ. ಆದರೆ ನಾನು ಹೋದದ್ದು ಅಕ್ಷರಕ್ಕಾಗಿ.

ಅಡಿಗಲ್ಲಿನ ಮೇಲ್ಮೈಯಲ್ಲಿ ಲ್ಯಾಟಿನ್: ‘ಮಗ್ಲೊಕುನಿ ಫಿಲಿ ಕ್ಲುತೊರಿ’. ಅಂದರೆ ‘ಕ್ಲುತೊರಿಯ ಮಗ ಮಗ್ಲೊಕುನನ (ಕಲ್ಲು)’. ಹೆಸರು ಷಷ್ಠೀ ವಿಭಕ್ತಿಯಲ್ಲಿದೆ. ‘ಕಲ್ಲು’ ಅನ್ನುವ ಪದ ಬರೆದಿಲ್ಲ, ನಾವೇ ಊಹಿಸಿಕೊಳ್ಳಬೇಕು. ಅದೇ ಕಲ್ಲಿನ ಅಂಚಿನಲ್ಲಿ ಗೀರುಗಳ ಸಾಲು. ಅದು ಓಘಂ ಲಿಪಿ. ಮೂಲದಲ್ಲಿ ಇಪ್ಪತ್ತು ಅಕ್ಷರ, ಐದೈದರ ನಾಲ್ಕು ಗುಂಪು. ಅಂಚಿನ ಬಲಕ್ಕೆ, ಎಡಕ್ಕೆ, ಅಡ್ಡಲಾಗಿ ಒಂದರಿಂದ ಐದು ಗೀರು ಎಳೆದರೆ ವ್ಯಂಜನಗಳು. ಅಂಚಿನ ಮೇಲೇ ಕಚ್ಚು ಹಾಕಿದರೆ ಸ್ವರಗಳು. ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು.

ಇದೇ ಜಿಲ್ಲೆಯ ಸೇಂಟ್ ಡಾಗ್‌ಮೇಲ್ಸ್‌ನ ಚರ್ಚಿನಲ್ಲಿರುವ ಸಗ್ರನನ ಕಲ್ಲು ಇನ್ನೂ ಮುಖ್ಯ. ಲ್ಯಾಟಿನ್‌ನಲ್ಲಿ ‘ಸಗ್ರನಿ ಫಿಲಿ ಕುನೊತಮಿ’, ಓಘಂನಲ್ಲಿ ‘ಸಗ್ರಗ್ನಿ ಮಕ್ವಿ ಕುನತಮಿ’. ಓಘಂನ ಕೀಲಿ ಮಧ್ಯಯುಗದ ಐರಿಷ್ ಹಸ್ತಪ್ರತಿಗಳಲ್ಲಿ ಉಳಿದಿತ್ತು, ನಿಜ. ಆ ಕೀಲಿ ಸರಿಯೇ ಅಂತ ಪರೀಕ್ಷಿಸಲು 19ನೇ ಶತಮಾನದ ವಿದ್ವಾಂಸರಿಗೆ ಒದಗಿದ್ದು ಇಂಥ ದ್ವಿಭಾಷಾ ಕಲ್ಲುಗಳು. ಅದಕ್ಕೂ ಮುಂಚೆ ಈ ಕಲ್ಲು ಹಳ್ಳದ ಮೇಲೆ ಕಾಲುಸಂಕವಾಗಿ ಬಿದ್ದಿತ್ತು! ನಮ್ಮೂರುಗಳಲ್ಲಿ ಬಟ್ಟೆ ಒಗೆಯೋ ಕಲ್ಲಾದ ವೀರಗಲ್ಲು ನೋಡಿದವರಿಗೆ ಇದು ಹೊಸದೇನಲ್ಲ.

ಎರಡೂ ಪಾಠಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಇದು ಬರೀ ಲಿಪ್ಯಂತರ ಅಲ್ಲ. ‘ಮಗ’ ಎನ್ನಲು ಲ್ಯಾಟಿನ್‌ನಲ್ಲಿ ‘ಫಿಲಿ’, ಓಘಂನಲ್ಲಿ ‘ಮಕ್ವಿ’. ಇದೇ ಮುಂದೆ ಐರಿಷ್‌ನ ‘ಮ್ಯಾಕ್’ ಆಯಿತು. ವೆಲ್ಷ್‌ನಲ್ಲಿ ‘ಮಗ’ ಅಂದರೆ ‘ಮಾಬ್’, ಹಳೆಯ ರೂಪ ‘ಮಪ್’. ಐರಿಷ್‌ನ ಕಕಾರದ ಜಾಗದಲ್ಲಿ ವೆಲ್ಷ್‌ಗೆ ಪಕಾರ. ಪಾಲು–ಹಾಲು ನೋಡಿ ನಾವು ಶಾಸನದ ಕಾಲ ಅಂದಾಜು ಮಾಡೋ ಹಾಗೆ, ಇಲ್ಲಿ ಕ–ಪ ನೋಡಿ ಭಾಷೆ ಹೇಳಬಹುದು. ಹೆಸರಲ್ಲೂ ಅದೇ ಕಥೆ. ಸಮಾಸದ ನಡುವೆ ‘ಕುನೊ’ ಎಂಬ ಒಕಾರ ಬ್ರಿಟಾನಿಕ್ ರೂಢಿ, ‘ಕುನ’ ಎಂಬ ಅಕಾರ ಐರಿಷ್ ರೂಢಿ. ಒಬ್ಬನೇ ಮನುಷ್ಯನ ಹೆಸರನ್ನು ಎರಡು ನೆರೆಹೊರೆಯವರು ಹೇಗೆ ಉಚ್ಚರಿಸುತ್ತಿದ್ದರೋ ಹಾಗೇ ಕೆತ್ತಿದ್ದಾರೆ.

ಅಂದರೆ 5–6ನೇ ಶತಮಾನದಲ್ಲಿ ಸಮುದ್ರ ದಾಟಿ ಬಂದ ಐರಿಷ್ ಜನ ಇಲ್ಲಿ ನೆಲೆಸಿದ್ದರು. ಅವರಿಗೂ ತಿಳಿಯಲಿ ಅಂತ ಕಲ್ಲು ನೆಡುವಷ್ಟು ಗೌರವವೂ ಇತ್ತು. ಆಮೇಲಿನ ಕಲ್ಲುಗಳಲ್ಲಿ ಓಘಂ ಕಾಣೋದಿಲ್ಲ. ನೆವರ್ನ್ ಚರ್ಚಿನ ಅಂಗಳದಲ್ಲಿರುವ ಸುಮಾರು 4 ಮೀಟರ್ ಎತ್ತರದ ಶಿಲುಬೆ 10–11ನೇ ಶತಮಾನದ್ದು. ಅದರಲ್ಲಿ ತುಂಬ ಹೆಣಿಗೆ ಚಿತ್ತಾರವಿದೆ, ಓಘಂ ಇಲ್ಲ. ಅಷ್ಟರಲ್ಲಿ ಈ ಸೀಮೆ ವೆಲ್ಷ್ ಮಾತಾಡುತ್ತಿತ್ತು. ಮಗ್ಲೊಕುನ ಎಂಬ ಹೆಸರು ವೆಲ್ಷ್ ಬಾಯಲ್ಲಿ ಸವೆದು ‘ಮೈಲ್‌ಗುನ್’ ಆಗಿ ಉಳಿಯಿತು, ‘ಮಕ್ವಿ’ ಉಳಿಯಲಿಲ್ಲ.

ಓಘಂ ಇರುವುದು ಅಂಚಿನಲ್ಲಿ. ಕಲ್ಲನ್ನು ಸಂಕಕ್ಕೋ ಗೋಡೆಗೋ ಬಳಸಿದಾಗ ಮೊದಲು ಸವೆಯೋದು, ಒಡೆಯೋದು ಅಂಚೇ. ಅದಕ್ಕೇ ಹೇಳೋದು: ಊರಲ್ಲಿ ಹಳೇ ಕಲ್ಲು ಕಂಡರೆ ಮುಖ ಮಾತ್ರ ಫೋಟೋ ತೆಗೆದು ಬರಬೇಡಿ. ಬದಿಗಳನ್ನೂ ಒಮ್ಮೆ ಕೈಯಾಡಿಸಿ ನೋಡಿ.