ಹನ್ನೊಂದರಿಂದ ಮೊದಲಾದ ಮಾಲೆ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲಸಿದ ಕನ್ನಡ ಕುಟುಂಬಗಳಲ್ಲಿ ‘ಅಮರ ಚಿತ್ರಕಥೆ’ಯನ್ನು ಅರಿಯದ ಮನೆ ವಿರಳವೆನ್ನಬಹುದು. ಕಥೆ ಹೇಳುವ ಅಜ್ಜಿಯು ಊರಿನಲ್ಲಿಯೇ ಉಳಿದಾಗ, ಇಲ್ಲಿ ಬೆಳೆದ ಎಷ್ಟೋ ಮಕ್ಕಳಿಗೆ ಪುರಾಣೇತಿಹಾಸಗಳ ಪರಿಚಯ ಮಾಡಿಕೊಟ್ಟವು ಈ ಮಾಲೆಯ 32 ಪುಟಗಳ ಪುಸ್ತಿಕೆಗಳೇ. ಆದರೆ ಒಂದು ಸಂಗತಿ ಹಲವರ ಗಮನಕ್ಕೆ ಬಂದಂತಿಲ್ಲ. ಇಂಗ್ಲಿಷಿನಲ್ಲಿ ಮೊದಲು ಪ್ರಕಟವಾದ ‘ಕೃಷ್ಣ’ದ ಕ್ರಮಸಂಖ್ಯೆ ಒಂದಲ್ಲ, 11. ಹಾಗಾದರೆ ಮೊದಲ ಹತ್ತು ಎಲ್ಲಿ?

ಅವು ಕನ್ನಡದಲ್ಲಿದ್ದವು. ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸಿನ ಮಾರಾಟದ ಹೊಣೆ ಹೊತ್ತಿದ್ದ ಜಿ. ಕೆ. ಅನಂತರಾಮ್ ಅವರ ಹೇಳಿಕೆಯಂತೆ, 1965ರಲ್ಲಿ ಈ ಹೆಸರಿನ ಚಿತ್ರಪುಸ್ತಕಗಳು ಮೊದಲು ಹೊರಬಂದದ್ದು ಕನ್ನಡದಲ್ಲಿಯೇ. ವಸ್ತು ಮಾತ್ರ ನಮ್ಮದಲ್ಲ. ಸಿಂಡರೆಲ್ಲಾ, ಪಿನೋಕಿಯೋ ಮೊದಲಾದ ಪಾಶ್ಚಾತ್ಯ ಕಥೆಗಳು. ಅವುಗಳಿಗೆ ದೊರೆತ ಮನ್ನಣೆಯೇ ಮುಂಬಯಿಯ ಪ್ರಕಾಶಕರಿಗೆ ಧೈರ್ಯವಿತ್ತಿತೆಂದು ಅವರ ಅಭಿಪ್ರಾಯ.

ಮಾಲೆಗೆ ಭಾರತೀಯ ರೂಪವಿತ್ತವರು ಅನಂತ ಪೈಯವರು. 1929ರಲ್ಲಿ ಕಾರ್ಕಳದಲ್ಲಿ ಜನಿಸಿ, ಎರಡನೆಯ ವಯಸ್ಸಿನಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಹನ್ನೆರಡನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದವರು. ‘ಟೈಮ್ಸ್ ಆಫ್ ಇಂಡಿಯಾ’ ಸಂಸ್ಥೆ 1964ರಲ್ಲಿ ಆರಂಭಿಸಿದ ‘ಇಂದ್ರಜಾಲ’ ಚಿತ್ರಮಾಲೆಯಲ್ಲಿ ದುಡಿದು ಅನುಭವ ಪಡೆದರು. 1967ರಲ್ಲಿ ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರಿಸಿದ ವಿದ್ಯಾರ್ಥಿಗಳು ರಾಮನ ತಾಯಿಯ ಹೆಸರನ್ನು ಹೇಳಲಾರದೆ ಹೋದುದನ್ನು ಕಂಡು ಅವರ ಮನಸ್ಸು ಕಲಕಿತು. ರಾಮ ವಾಯೀರಕರರ ಚಿತ್ರಗಳೊಡನೆ ಅವರು ಬರೆದ ‘ಕೃಷ್ಣ’ವು ಈ ಕಳವಳದ ಫಲ.

ಪೈಯವರನ್ನು ಕನ್ನಡದ ಲೇಖಕರೆಂದು ಎಣಿಸುವುದು ಸಲ್ಲದು. ಅವರ ಮನೆಮಾತು ಕೊಂಕಣಿ. ಮಾಲೆಯನ್ನು ಅವರು ಬೆಳೆಸಿದ್ದು ಇಂಗ್ಲಿಷಿನಲ್ಲಿ. ಅವರ ಹಿರಿಮೆ ಇರುವುದು ಬೇರೆಡೆ. ಆರಂಭದಲ್ಲಿ ತಾವೇ ಬರೆದರೂ, ಬರುಬರುತ್ತ ಲೇಖನಿಯನ್ನು ಕಮಲಾ ಚಂದ್ರಕಾಂತ ಮೊದಲಾದವರ ಕೈಗಿತ್ತು ತಾವು ಸಂಪಾದಕರಾಗಿ ನಿಂತರು. ಕೃತಿಗಳ ಸಂಖ್ಯೆ ನಾನೂರನ್ನು ಮೀರಿತು. ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಿಗೆ ಅವು ಸಂದವು. 1991ರ ಸುಮಾರಿಗೆ ಹೊಸ ಕೃತಿಗಳ ಕ್ರಮಬದ್ಧ ಪ್ರಕಟಣೆ ನಿಂತಿತು. 2007ರಲ್ಲಿ ಮಾಲೆಯೇ ಹೊಸ ಒಡೆತನಕ್ಕೆ ಸೇರಿ ಎಸಿಕೆ ಮೀಡಿಯಾ ಸಂಸ್ಥೆಯದಾಯಿತು. 2011ರ ಫೆಬ್ರವರಿಯಲ್ಲಿ ದೆಹಲಿಯ ಚಿತ್ರಕಥಾ ಸಮಾವೇಶದಲ್ಲಿ ಜೀವಮಾನದ ಸಾಧನೆಗಾಗಿ ಅವರಿಗೆ ಪುರಸ್ಕಾರ ಸಂದಿತು. ಕೆಲವೇ ದಿನಗಳಲ್ಲಿ, ಅದೇ ತಿಂಗಳ 24ರಂದು, ಅವರು ನಿಧನರಾದರು.

ಪಾತ್ರಗಳ ಚಿತ್ರಣದಲ್ಲಿ, ಇತಿಹಾಸದ ಆಯ್ಕೆಯಲ್ಲಿ ವಿದ್ವಾಂಸರು ದೋಷಗಳನ್ನು ತೋರಿಸಿದ್ದಾರೆ. ಆ ಟೀಕೆ ನಿರಾಧಾರವಲ್ಲ. ಆದರೂ ಒಂದು ಮಾತು ನಿಲ್ಲುತ್ತದೆ. ಮಕ್ಕಳ ಮಾಲೆಯು ಬಾಳಬೇಕಾದರೆ ಕರ್ತೃವು ಅದನ್ನು ತನ್ನ ಮುಷ್ಟಿಯಿಂದ ಸಡಿಲಿಸಬೇಕು. ಹಾಗೆ ಸಡಿಲಿಸಿದ್ದರಿಂದಲೇ ಪೈಯವರ ಬಳಿಕವೂ ಮಾಲೆ ನಡೆಯಿತು. ಆದರೆ ಕೈ ಬದಲಾದಂತೆಲ್ಲ ಮೂಲದ ನೆನಪು ಮಸುಕಾಗುವುದೂ ನಿಜ. ಕಟ್ಟಿದವನು ಕೃತಿಯನ್ನು ಬಿಟ್ಟುಕೊಡಬಹುದು. ಓದಿದ ಸಮಾಜವು ಅದರ ಚರಿತ್ರೆಯನ್ನು ಬಿಟ್ಟುಕೊಡಬಾರದು. ಮುಂದಿನವರು ಮಾಲೆಯನ್ನು ಎಣಿಸುವಾಗ ಹನ್ನೊಂದರಿಂದಲೇ ತೊಡಗಿದರೆ, ಕಳೆದುಹೋಗುವುದು ಕನ್ನಡದ ಪಾಲು.

ಇಲ್ಲಿ ಹೊರನಾಡ ಕನ್ನಡಿಗರ ಕರ್ತವ್ಯವೊಂದಿದೆ. ಗ್ರಂಥಾಲಯಗಳು ಮಕ್ಕಳ ಚಿತ್ರಪುಸ್ತಕಗಳನ್ನು ಜೋಪಾನವಾಗಿ ಕಾದಿಡುವುದು ಅಪರೂಪ. ಅವು ಉಳಿದರೆ ಉಳಿಯುವುದು ಮನೆಗಳಲ್ಲಿಯೇ. ಚಿಕ್ಕ ಮನೆಗಳ ನಮ್ಮ ಉಪನಗರಗಳಲ್ಲಿ, ಮನೆ ಬದಲಿಸುವಾಗ ಮೊದಲು ರದ್ದಿಗೆ ಹೋಗುವುವೂ ಅವೇ. ಊರಿನಿಂದ ತಂದ ಪೆಟ್ಟಿಗೆಯ ತಳದಲ್ಲಿ 1965ರ ಒಂದು ಕನ್ನಡ ಸಿಂಡರೆಲ್ಲಾ ದೊರೆತರೆ, ಅದನ್ನು ರದ್ದಿಯವನ ತಕ್ಕಡಿಗೆ ಹಾಕುವ ಮೊದಲು ಒಮ್ಮೆ ಯೋಚಿಸಬೇಕು. ತೂಕದಲ್ಲಿ ಅದು ಹಗುರ. ಆದರೆ ಆ ಮಾಲೆಯ ಮೊದಲ ಅಂಕೆ ಅದರ ಮೇಲಿರಬಹುದು.