ಟಿವಿ ಪಕ್ಕದ ಪೆಟ್ಟಿಗೆ: ರೆಕಾರ್ಡಿಂಗ್‌ನಿಂದ ಸ್ಟ್ರೀಮಿಂಗ್‌ಗೆ
ಅಮೆರಿಕ, 1999–2025

1999ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಟಿವೊ ಮತ್ತು ರಿಪ್ಲೇಟಿವಿ ಪೆಟ್ಟಿಗೆಗಳು ಕ್ಯಾಸೆಟ್ಟಿನ ಬದಲು ಹಾರ್ಡ್ ಡಿಸ್ಕ್‌ನಲ್ಲಿ ಕಾರ್ಯಕ್ರಮಗಳನ್ನು ಮುದ್ರಿಸಿಕೊಳ್ಳುತ್ತಿದ್ದವು. ನೇರ ಪ್ರಸಾರವನ್ನೂ ನಡುವೆ ನಿಲ್ಲಿಸಿ, ಹಿಂದಕ್ಕೆ ಸರಿಸಿ ನೋಡುವ ಅನುಕೂಲ ಮನೆಮನೆಗೆ ಬಂತು.

ಟಿವೊ ಕೆಲಸ ಮಾಡುತ್ತಿದ್ದ ಬಗೆ
ಪೆಟ್ಟಿಗೆಯು ದೂರವಾಣಿ ತಂತಿಯ ಮೂಲಕ ಕಂಪನಿಗೆ ತಾನೇ ಕರೆ ಮಾಡಿ ಮುಂದಿನ ದಿನಗಳ ಕಾರ್ಯಕ್ರಮ ಪಟ್ಟಿಯನ್ನು ಇಳಿಸಿಕೊಳ್ಳುತ್ತಿತ್ತು. ಗೊತ್ತಾದ ಹೊತ್ತಿಗೆ ಕೇಬಲ್ ಬಾಕ್ಸ್‌ಗೆ ಅತಿಗೆಂಪು ಸಂಕೇತ ಕಳಿಸಿ ಚಾನೆಲ್ ಬದಲಿಸುತ್ತಿತ್ತು. ಮೊದಲ ಮಾದರಿಯಲ್ಲಿ, ಚಿತ್ರದ ಗುಣಮಟ್ಟ ತಗ್ಗಿಸಿದರೆ, 14 ಗಂಟೆಯಷ್ಟು ಹಿಡಿಸುತ್ತಿತ್ತು. ಶೇಂಗಾಕಾಯಿಯಂತೆ ನಡು ಸಣ್ಣಗಿದ್ದ ರಿಮೋಟಿನಲ್ಲಿ ಮೆಚ್ಚುಗೆಗೆ ಹಸಿರು, ತಿರಸ್ಕಾರಕ್ಕೆ ಕೆಂಪು ಹೆಬ್ಬೆರಳಿನ ಗುಂಡಿಗಳಿದ್ದವು. ಅದರ ಆಧಾರದ ಮೇಲೆ ಯಂತ್ರವೇ ಹೊಸ ಕಾರ್ಯಕ್ರಮಗಳನ್ನು ಆರಿಸಿ ಮುದ್ರಿಸುತ್ತಿತ್ತು.

ಜಾಹೀರಾತಿನ ಜಗಳ
ಜಾಹೀರಾತುಗಳನ್ನು ತಾನಾಗಿ ದಾಟಿಸುವ ಸೌಲಭ್ಯ ತಂದ ರಿಪ್ಲೇಟಿವಿಯ ಮೇಲೆ 2001ರಲ್ಲಿ ಟಿವಿ ಜಾಲಗಳು, ಸ್ಟುಡಿಯೋಗಳು ಮೊಕದ್ದಮೆ ಹೂಡಿದವು. ಅದರ ಮಾಲೀಕ ಕಂಪನಿ ಸಾನಿಕ್‌ಬ್ಲೂ 2003ರಲ್ಲಿ ದಿವಾಳಿಯಾಯಿತು.

ಡಿಸ್ಕ್ ಇಲ್ಲದ ಪೆಟ್ಟಿಗೆ
ರಿಪ್ಲೇಟಿವಿ ಕಟ್ಟಿದ ಆಂಥೊನಿ ವುಡ್ ಅವರೇ ಸ್ಥಾಪಿಸಿದ ರೋಕು ಕಂಪನಿ, 2008ರ ಮೇ ತಿಂಗಳಲ್ಲಿ ನೆಟ್‌ಫ್ಲಿಕ್ಸ್ ಚಿತ್ರಗಳನ್ನು ಇಂಟರ್ನೆಟ್ ಮೂಲಕ ಟಿವಿಗೆ ತರುವ ಪುಟ್ಟ ಸಾಧನವನ್ನು 99.99 ಡಾಲರಿಗೆ ಮಾರಿತು. ಅದರಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ. ಮುದ್ರಿಸಿಡುವ ಅಗತ್ಯವೂ ಇರಲಿಲ್ಲ. ಆದರೆ ನೆಟ್‌ಫ್ಲಿಕ್ಸ್‌ನ ಪರವಾನಗಿ ಮುಗಿದರೆ ಚಿತ್ರ ಪಟ್ಟಿಯಿಂದಲೇ ಮಾಯವಾಗುತ್ತಿತ್ತು.

ಟಿವೊ 2025ರಲ್ಲಿ ತನ್ನ ರೆಕಾರ್ಡರ್‌ಗಳ ಮಾರಾಟವನ್ನು ನಿಲ್ಲಿಸಿತು.